ರುಕ್ಮಯ್ಯನಿಗೆ ಏನೂ ಇಲ್ಲ

ಮೂಡುಬಿದಿರೆಯ ಒಂದು ಲ್ಯಾಬಿನಲ್ಲಿ ಅಂದು ಬೆಳಿಗ್ಗೆ ರುಕ್ಮಯ್ಯ ಎಂಬವರನ್ನು ನಾಲ್ಕು ಸಲ ಕರೆದರು. ಕಾನ್ವೆಂಟಿನಲ್ಲಿ ಹಾಜರಿ ಕರೆಯುತ್ತಿದ್ದ ಸಿಸ್ಟರ್ ಎರಡನೇ ಸಲಕ್ಕೇ ಗೈರು ಹಾಕಿಬಿಡುತ್ತಿದ್ದರು; ಲ್ಯಾಬಿನ ಈ ಸಿಸ್ಟರ್ ತಾಳ್ಮೆಯವರು. "ರುಕ್ಮಯ್ಯ, ನಲವತ್ತೊಂದು ವರ್ಷ. ರುಕ್ಮಯ್ಯ ಯಾರು ಇಲ್ಲಿ?" ಕಿಟಕಿಯ ಪಕ್ಕ ಕೂತಿದ್ದ ಧನರಾಜನೂ ಉಳಿದವರ ಹಾಗೆಯೇ ಸುತ್ತ ನೋಡಿದ. ಹೆಸರು ಕೊಟ್ಟು ಚಹಾ ಕುಡಿಯಲಿಕ್ಕೆ ಹೋಗುವವರೂ ಇರುತ್ತಾರೆ ಎಂದು ಪಕ್ಕದ ಅಜ್ಜಿಯ ಹತ್ತಿರ ಬೇಸರದಿಂದ ಹೇಳಿದ ಕೂಡ. ಐದನೇ ಸಲ ಕರೆಯುವ ಬದಲು ಸಿಸ್ಟರ್ ರಶೀದಿಯಲ್ಲಿದ್ದ ನಂಬರಿಗೆ ಫೋನ್ ಮಾಡಿದರು. ಧನರಾಜನ ಅಂಗಿಯ ಕಿಸೆ ಹಾಡಲು ಶುರು ಮಾಡಿತು.

ಅವನು ಎದ್ದು ನಿಲ್ಲುವುದಕ್ಕೂ ಪುತ್ತಿಗೆಯ ರಿಕ್ಷಾದ ಅಬ್ದುಲ್ ರಹಿಮಾನ್ ಬಾಗಿಲು ತಳ್ಳಿಕೊಂಡು ಒಳಗೆ ಬರುವುದಕ್ಕೂ ಸರಿಹೋಯಿತು.

"ಓ, ಧನರಾಜಣ್ಣ. ನೀವೆಂತ ಇಲ್ಲಿ?"

"ಶುಗರು," ಎಂದ ಧನರಾಜ.

"ಇವರು ರುಕ್ಮಯ್ಯ," ಎಂದರು ಸಿಸ್ಟರ್.

ರಹಿಮಾನ್ ಇಬ್ಬರ ಮುಖವನ್ನೂ ನೋಡಿದ. ಮರ್ಯಾದಸ್ಥ. "ಮನೆಯಲ್ಲಿ ಹಾಗೆ ಕರೆಯುವುದಾಗಿರಬೇಕು," ಎಂದು ತಾನೇ ಉತ್ತರ ಹೇಳಿಕೊಂಡು, ಗೋಡೆಯ ಕ್ಯಾಲೆಂಡರಿನಲ್ಲಿ ಮುಂದಿನ ತಿಂಗಳ ರಜೆಗಳನ್ನು ಬಹಳ ಆಸಕ್ತಿಯಿಂದ ಓದತೊಡಗಿದ.

ಧನರಾಜ ನಮ್ಮ ಕಡೆಯ ಗಾಡಿಯವರಿಗೆಲ್ಲ ಗೊತ್ತಿರುವ ಮನುಷ್ಯ. ಫರಂಗಿಪೇಟೆಯಲ್ಲಿ ಹೈವೇ ಬದಿಗೆ ಹಳೆಯ ಓಮ್ನಿಯೊಂದು ನಿಂತಿರುತ್ತದೆ. ಅದರೊಳಗೆ ಒಂದು ಕಂಪ್ಯೂಟರು, ಒಂದು ಪ್ರಿಂಟರು, ಒಂದು ಧನರಾಜ. ಹೊಗೆ ತಪಾಸಣೆ ಅವನ ಕಸುಬು. ಹದಿನಾರು ವರ್ಷಗಳಿಂದ ಅವನು ತಾಲೂಕಿನ ಗಾಡಿಗಳಿಗೆಲ್ಲ ಆರೋಗ್ಯವಾಗಿವೆ ಎಂದು ಬರೆದುಕೊಟ್ಟಿದ್ದಾನೆ. ಸೈಲೆನ್ಸರಿನೊಳಗೆ ಕೊಳವೆ ಹಾಕಿ, ಎಂಜಿನನ್ನು ಎರಡು ಸಲ ಗುರ್ರೆನ್ನಿಸಿ, ಪರದೆಯಲ್ಲಿ ಬಂದ ಅಂಕಿ ನೋಡಿ ಸರ್ಟಿಫಿಕೇಟು ಕೊಡುವುದು ಕ್ರಮ. ಆದರೆ ಗಿರಾಕಿಗೆ ಆತುರ ಇರುತ್ತದೆ, ಮಳೆ ಇರುತ್ತದೆ, ಕೆಲವರ ಗಾಡಿ ಮನೆಯಲ್ಲೇ ಇರುತ್ತದೆ. ಅಂಥವರು ನಂಬರ್ ಪ್ಲೇಟಿನ ಫೋಟೋವನ್ನು ವಾಟ್ಸಾಪಿನಲ್ಲಿ ಕಳಿಸುತ್ತಾರೆ. ಧನರಾಜನ ಸ್ವಂತ ಬೈಕು ಹೊಸದು, ಹೊಗೆ ಅಂದರೆ ಏನೆಂದೇ ಅದಕ್ಕೆ ಗೊತ್ತಿಲ್ಲ. ಕೊಳವೆಯನ್ನು ಅದರೊಳಗೆ ತೂರಿಸಿ ಬೇರೆಯವರ ನಂಬರು ಕುಟ್ಟಿದರಾಯಿತು. ಹೀಗೆ ಒಂದೇ ಬೈಕು ದಿನಕ್ಕೆ ಹತ್ತು ಹದಿನೈದು ಜನರ ಪರವಾಗಿ ಉಸಿರು ಬಿಡುತ್ತಿತ್ತು. ಎಲ್ಲರೂ ಪಾಸು. ಇದನ್ನು ಅವನು ಮೋಸ ಎಂದು ತಿಳಿದವನೇ ಅಲ್ಲ, ಉಪಕಾರ ಎಂದು ತಿಳಿದಿದ್ದ.

ಮೇ ತಿಂಗಳ ಕೊನೆಗೆ ಮಶೀನು ಮಾರಿದ ಕಂಪೆನಿಯವರು ಹೊಸ ಸಾಫ್ಟ್‌ವೇರ್ ಕಲಿಸುತ್ತೇವೆಂದು ಇಂಥ ಓಮ್ನಿಗಳವರನ್ನೆಲ್ಲ ಹುಬ್ಬಳ್ಳಿಗೆ ಕರೆಸಿದರು. ಎರಡು ದಿನ, ಲಾಡ್ಜಿನಲ್ಲಿ ವಾಸ. ಅಲ್ಲಿ ಒಬ್ಬ ಹೆಂಗಸಿನ ಪರಿಚಯವಾಯಿತು. ಅವಳ ಹೆಸರನ್ನು ಇವನು ಕೇಳಲಿಲ್ಲ, ಇವನದ್ದನ್ನು ಅವಳು ಕೇಳಲಿಲ್ಲ. ಒಂದೇ ಸಲ. ಊರು ತುಂಬ ರಬ್ಬರ್ ಬೆಳೆಯುವ ಸೀಮೆಯಿಂದ ಹೋದವನಿಗೆ ಬೇಕಾದ ಹೊತ್ತಿನಲ್ಲಿ ರಬ್ಬರಿನ ನೆನಪಾಗಲಿಲ್ಲ.

ಊರಿಗೆ ಬಂದ ಒಂಬತ್ತನೇ ದಿನ ನಾರಾವಿಯಿಂದ ಸಂಬಂಧ ಬಂತು. ಹದಿನೈದು ವರ್ಷ ಹುಡುಕಿ ಸುಸ್ತಾಗಿ ಬಿಟ್ಟಿದ್ದ ಕೆಲಸ ಅದು. ಹುಡುಗಿ ಹರಿಣಾಕ್ಷಿ, ಮೂವತ್ತಾರು ವರ್ಷ, ಅಂಗನವಾಡಿ ಟೀಚರು. ನೋಡಲು ಹೋದಾಗ ಅವಳೇ ಎದುರು ಕೂತು, "ನಿಮಗೆ ಬೀಡಿ ಸಿಗರೇಟು ಉಂಟಾ?" ಎಂದು ಕೇಳಿದಳು. "ಹೊಗೆ ಎಲ್ಲ ಹಗಲು ಮಾತ್ರ," ಎಂದ ಧನರಾಜ. ಅವಳು ನಕ್ಕಳು. ಆ ನಗು ಅವನಿಗೆ ತುಂಬ ಇಷ್ಟವಾಯಿತು. ತೊಂದರೆ ಅಲ್ಲಿಂದಲೇ ಶುರು. ಅಲ್ಲಿಯ ತನಕ ಹುಬ್ಬಳ್ಳಿ ಎಂಬುದು ಒಂದು ಊರಾಗಿತ್ತು. ಆ ಮಧ್ಯಾಹ್ನ ವಾಪಸು ಬರುವಾಗ ಬಸ್ಸಿನಲ್ಲಿ ಅದೊಂದು ಕಾಯಿಲೆಯಾಯಿತು.

ಆಮೇಲೆ ಫೋನಿನಲ್ಲಿ ಎಚ್‌ಐವಿ ಬಗ್ಗೆ ಓದಲು ಕೂತ. ಜ್ವರ ಬರಬಹುದು ಎಂದಿತ್ತು, ಬಂತು. ಗಂಟಲು ನೋಯಬಹುದು ಎಂದಿತ್ತು, ನೋಯಿತು. ತೂಕ ಇಳಿಯಬಹುದು ಎಂದಿತ್ತು. ಊಟ ಸೇರದವನ ತೂಕ ಇನ್ನೇನು ಮಾಡುತ್ತದೆ, ಇಳಿಯಿತು. ಮೂರು ದಿನದೊಳಗೆ ಆಸ್ಪತ್ರೆಗೆ ಹೋಗಿದ್ದರೆ ಸೋಂಕು ತಡೆಯುವ ಮಾತ್ರೆ ಕೊಡುತ್ತಿದ್ದರು ಎಂಬುದನ್ನು ಓದಿದ್ದು ಹನ್ನೊಂದನೇ ದಿನ. ಮನೆಯಲ್ಲಿ ತನ್ನ ಬಟ್ಟಲು, ಲೋಟ, ಟವೆಲು ಎಲ್ಲ ಬೇರೆ ಮಾಡಿಕೊಂಡ. ಅವನ ತಾಯಿ ಸೇಸಮ್ಮ ಎರಡು ವಾರ ನೋಡಿದರು.

"ಮದುವೆ ಹತ್ತಿರ ಬಂದರೆ ಗಂಡಸರಿಗೆ ಮಡಿ ಶುರುವಾಗ್ತದಾ?"

"ಗಂಟಲು ಸರಿ ಇಲ್ಲ ಅಮ್ಮ."

"ಲೋಟ ಬೇರೆ ಮಾಡಿದರೆ ಗಂಟಲು ಸರಿಯಾಗ್ತದಾ?"

ಧನರಾಜ ತನ್ನ ಲೋಟವನ್ನು ತಾನೇ ತೊಳೆದು ಬೇರೆ ಮೂಲೆಯಲ್ಲಿಟ್ಟ.

ಜೂನ್ ಕೊನೆಗೆ ಪರೀಕ್ಷೆ ಮಾಡಿಸಲು ಬೆಳ್ತಂಗಡಿಗೆ ಹೋದ. ತನ್ನದೇ ತಾಲೂಕಾದ ಬಂಟ್ವಾಳದಲ್ಲಿ ಮಾಡಿಸುವ ಹಾಗಿಲ್ಲ, ಅಲ್ಲಿ ಡಾಕ್ಟರಿನಿಂದ ಹಿಡಿದು ಗುಡಿಸುವವರ ತನಕ ಎಲ್ಲರ ಗಾಡಿಗೂ ಇವನದೇ ಸರ್ಟಿಫಿಕೇಟು. ಬೆಳ್ತಂಗಡಿಯಲ್ಲಿ ಬಸ್ಸಿಳಿದ ಮೇಲೆ ನಾರಾವಿ ಅದೇ ತಾಲೂಕು ಎಂದು ನೆನಪಾಯಿತು. ಕೊರೋನಾ ಕಾಲದ ಮಾಸ್ಕೊಂದು ಬ್ಯಾಗಿನಲ್ಲಿತ್ತು, ಹಾಕಿಕೊಂಡ. ಕೌಂಟರಿನಲ್ಲಿ ಹೆಸರು ಕೇಳಿದಾಗ ಮುಂಡಪ್ಪ ಎಂದ. ಸಂಜೆ ರಿಪೋರ್ಟು ಬಂತು: ಮುಂಡಪ್ಪ, ನೆಗೆಟಿವ್. ಜಗತ್ತಿನಲ್ಲಿ ನೆಗೆಟಿವ್ ಎಂದರೆ ಪೇಡ ಹಂಚಬಹುದಾದ ವಿಷಯ ಇದೊಂದೇ. ಆದರೆ ಬಸ್ಸು ಹತ್ತುವ ಹೊತ್ತಿಗೆ ಧನರಾಜನಿಗೆ ಸಂಶಯ ಬಂದಿತ್ತು. ತಿಂಗಳಿಗೇ ಗೊತ್ತಾಗುವುದಿಲ್ಲ, ಮೂರು ತಿಂಗಳು ಕಳೆಯಬೇಕು ಎಂದು ಓದಿದ್ದ. ಅದು ನ್ಯಾಯವಾದ ಸಂಶಯ. ಆದರೂ ಮೂರು ತಿಂಗಳು ಕಾಯಲಾರದೆ ಜುಲೈಯಲ್ಲಿ ಮೂಡುಬಿದಿರೆಗೆ ಹೋದ; ರುಕ್ಮಯ್ಯನಾದ ಕತೆ ಆಗಲೇ ಹೇಳಿದೆ. ಅದೂ ನೆಗೆಟಿವ್.

ಆ ಕಾಗದ ಓದುವಾಗ ಅವನಿಗೆ ಹಳೆಯ ಸಂಶಯದ ಪಕ್ಕದಲ್ಲಿ ಹೊಸದೊಂದು ಹುಟ್ಟಿತು. ಮುಂಡಪ್ಪನಿಗೆ ಏನೂ ಇಲ್ಲ, ರುಕ್ಮಯ್ಯನಿಗೂ ಏನೂ ಇಲ್ಲ. ಇಬ್ಬರೂ ಗಟ್ಟಿಮುಟ್ಟಾಗಿದ್ದಾರೆ, ಸಂತೋಷ. ಧನರಾಜನ ವಿಷಯ ಏನು? ಬೇರೆ ಯಾರಾದರೂ ಆಗಿದ್ದರೆ, ರಕ್ತ ನನ್ನದಲ್ಲವಾ ಎಂದು ಸಮಾಧಾನ ಮಾಡಿಕೊಳ್ಳುತ್ತಿದ್ದರು. ಹೊಗೆ ಒಬ್ಬನದು, ನಂಬರು ಇನ್ನೊಬ್ಬನದು ಮಾಡಿ ಹದಿನಾರು ವರ್ಷ ಉಂಡವನಿಗೆ ಆ ಸಮಾಧಾನ ಸಿಗಲಿಲ್ಲ. ಕಾಗದ ಹೇಗೆ ಹುಟ್ಟುತ್ತದೆ ಎಂದು ಅವನಿಗೆ ಗೊತ್ತು. ಸಿಸ್ಟರಿಗೂ ಆತುರ ಇದ್ದಿರಬಹುದು. ಅಂದು ಮಳೆ ಬೇರೆ ಇತ್ತು.

ಇಷ್ಟರಲ್ಲಿ ನಾರಾವಿಯಿಂದ ಹರಿಣಾಕ್ಷಿಯ ಅಣ್ಣ ಮಾಯಿಲಪ್ಪ ಎರಡು ಸಲ ಫೋನ್ ಮಾಡಿದ್ದರು. ಮೊದಲ ಸಲ, "ಆಟಿ ತಿಂಗಳು ಕಳೆಯಲಿ, ಆಟಿಯಲ್ಲಿ ಒಳ್ಳೆಯ ಮಾತು ಬೇಡ," ಎಂದ ಧನರಾಜ. ಆಟಿಯಲ್ಲಿ ನಮ್ಮಲ್ಲಿ ಮದುವೆಯ ಸುದ್ದಿ ಎತ್ತುವುದಿಲ್ಲ, ಹಾಗಾಗಿ ಅದು ಚೊಕ್ಕ ಕಾರಣ. ಆಟಿ ಕಳೆದ ಮೇಲೆ ಅಮ್ಮನ ಮೊಣಕಾಲು ಎಂದ. ಮೂರನೆಯ ಸಲ ಮಾಯಿಲಪ್ಪ ಕಾರಣ ಕೇಳಲಿಲ್ಲ. "ಆಗ್ತದಾದರೆ ಆಗ್ತದೆ, ಇಲ್ಲದಿದ್ದರೆ ಇಲ್ಲ ಅಂತ ಹೇಳಿ ಧನರಾಜರೇ. ಬರುವ ತಿಂಗಳ ಮೊದಲ ಆದಿತ್ಯವಾರ ಮನೆಗೆ ಬಂದು ಹೇಳಿದರೆ ಸಾಕು. ಅವಳಿಗೂ ವಯಸ್ಸು ನಿಲ್ಲುವುದಿಲ್ಲ," ಎಂದು ಫೋನಿಟ್ಟರು.

ಮೂರು ತಿಂಗಳು ತುಂಬಿದ ವಾರ ಧನರಾಜ ಬಂಟ್ವಾಳದ ಸರ್ಕಾರಿ ಆಸ್ಪತ್ರೆಗೆ ಹೋದ. ಮಾಸ್ಕು ಇಲ್ಲ, ಮುಂಡಪ್ಪನಿಲ್ಲ. ರೋಗದ ಹೆದರಿಕೆಗಿಂತ ಊರಿನ ಹೆದರಿಕೆ ಕಡಿಮೆಯಾಯಿತು ಅಂತಲ್ಲ, ಎರಡನ್ನೂ ಒಟ್ಟಿಗೆ ಹೊರುವ ತ್ರಾಣ ಉಳಿದಿರಲಿಲ್ಲ. ಅಲ್ಲಿ ಇದಕ್ಕೆಂದೇ ಒಂದು ಕೋಣೆ ಉಂಟು; ಪರೀಕ್ಷೆಗೆ ಮೊದಲು ಆಪ್ತ ಸಮಾಲೋಚಕರು ಮಾತಾಡಿಸುತ್ತಾರೆ. ಬಾಗಿಲು ತೆಗೆದರೆ ಕುರ್ಚಿಯಲ್ಲಿ ಅವನ ಗಿರಾಕಿ ಶಬ್ನಾ ಮೇಡಂ. ಬಿಳಿ ಸ್ಕೂಟರ್, ನಂಬರಿನ ಕೊನೆಗೆ ಎರಡು ಏಳು.

"ಹೆಸರು ಹೇಳಿ," ಎಂದರು ಅವರು, ಗೊತ್ತಿಲ್ಲದವರ ಹಾಗೆ.

"ಧನರಾಜ್."

"ಇದು ಈ ಕೋಣೆ ಬಿಟ್ಟು ಹೊರಗೆ ಹೋಗುವುದಿಲ್ಲ. ಏನಾಯ್ತು ಹೇಳಿ."

ಅವನು ಹುಬ್ಬಳ್ಳಿಯಿಂದ ಹಿಡಿದು ಲೋಟದ ತನಕ ಹೇಳಿದ. ಅವರು ನಡುವೆ ಒಂದೇ ಸಲ ಬಾಯಿ ಹಾಕಿದರು: "ಲೋಟದಿಂದ ಬರುವುದಿಲ್ಲ, ಟವೆಲಿನಿಂದಲೂ ಬರುವುದಿಲ್ಲ. ಒಂದು ವೇಳೆ ಇದ್ದರೂ ಮದ್ದು ಉಂಟು, ಇಲ್ಲೇ ಸಿಗ್ತದೆ, ದುಡ್ಡಿಲ್ಲ. ಆ ಮದ್ದು ತಿಂದು ನಿಮಗಿಂತ ಗಟ್ಟಿ ಇರುವವರನ್ನು ನಾನು ದಿನಾ ನೋಡ್ತೇನೆ."

ರಕ್ತ ತೆಗೆದ ಮೇಲೆ, ತನ್ನ ಕಣ್ಣೆದುರೇ ಪರೀಕ್ಷೆ ಮಾಡಬೇಕು ಎಂದು ಧನರಾಜ ಕೂತ. ಲ್ಯಾಬಿನವರು ಮೇಡಂ ಮುಖ ನೋಡಿದರು. ಶಬ್ನಾ ಮೇಡಂ ಆಗಲಿ ಎಂದರು. ಬೆರಳಿನಷ್ಟುದ್ದದ ಪಟ್ಟಿಯ ಮೇಲೆ ಒಂದು ಹನಿ ಬಿತ್ತು. ಇಪ್ಪತ್ತು ನಿಮಿಷ ಅವನು ಅದರಿಂದ ಕಣ್ಣು ತೆಗೆಯಲಿಲ್ಲ. ಒಂದೇ ಗೆರೆ ಮೂಡಿತು. ಪಟ್ಟಿ ಸರಿಯಾಗಿ ಕೆಲಸ ಮಾಡಿದೆ ಎನ್ನುವುದಕ್ಕೆ ಬರುವ ಗೆರೆ ಅದು. ಸೋಂಕಿನ ಗೆರೆ ಬರಬೇಕಾದ ಜಾಗ ಖಾಲಿ ಇತ್ತು. ಮೇಡಂ ಅವನ ಎದುರೇ ರಿಪೋರ್ಟಿಗೆ ಸಹಿ ಹಾಕಿಸಿ ಕೊಟ್ಟರು.

"ಮೂರು ತಿಂಗಳು ಕಳೆದಿದೆ. ಮುಗಿಯಿತು ಇದು. ಇನ್ನು ನೆಮ್ಮದಿಯಿಂದ ಊಟ ಮಾಡಿ."

"ಮೇಡಂ, ಈ ಪಟ್ಟಿ ಹಳತಾದರೆ ತಪ್ಪು ತೋರಿಸ್ತದಾ?"

"ತಾರೀಕು ನೋಡಿ. ಹೊಸತು."

"ಬೇರೆಯವರ ರಕ್ತದ ಜೊತೆ..."

"ನೀವೇ ನೋಡ್ತಾ ಇದ್ದಿರಿ ಧನರಾಜಣ್ಣ." ಮೇಡಂ ಪೆನ್ನು ಕೆಳಗಿಟ್ಟರು. "ಮಾರ್ಚಿನಲ್ಲಿ ನನ್ನ ಸ್ಕೂಟರಿಗೆ ನೀವು ಸರ್ಟಿಫಿಕೇಟು ಕೊಟ್ಟಿರಲ್ಲ, ಆ ದಿನ ಸ್ಕೂಟರ್ ಮನೆಯಲ್ಲೇ ಇತ್ತು. ಅದನ್ನು ತೆಗೊಂಡದ್ದು ನನ್ನ ತಪ್ಪು, ಇರಲಿ. ನೀವು ಕೊಡುವ ಹಾಗೆಯೇ ಎಲ್ಲರೂ ಕೊಡ್ತಾರೆ ಅಂತ ನಿಮಗೆ ಕಾಣುವುದು. ಈ ಸಂಶಯಕ್ಕೆ ನನ್ನ ಹತ್ತಿರ ಪಟ್ಟಿ ಇಲ್ಲ ಮಾರಾಯ್ರೆ."

ಅವನು ತಲೆಯಾಡಿಸಿ ಹೊರಗೆ ಬಂದ. ಆ ವಾರ ಅವನು ಪ್ರತಿ ಗಾಡಿಗೂ ಕೊಳವೆ ಹಾಕಿ ನೋಡಿದ. ಏಳು ಗಾಡಿ ಫೇಲಾದವು. ಒಬ್ಬರು, "ಎಂತ ಧನರಾಜಣ್ಣ, ಮದುವೆಗೆ ಮೊದಲೇ ಪಾಪ ತೊಳೆಯುವುದಾ?" ಎಂದು ಬೇರೆ ಓಮ್ನಿ ಹುಡುಕಿಕೊಂಡು ಹೋದರು. ಅಷ್ಟು ಮಾಡಿದರೂ ಧನರಾಜನಿಗೆ ನಿದ್ದೆಯಾಗಲಿ ಹಸಿವಾಗಲಿ ಬರಲಿಲ್ಲ. ರಿಪೋರ್ಟನ್ನು ದಿನಕ್ಕೆ ಆರೇಳು ಸಲ ಬಿಡಿಸಿ ಓದುತ್ತಿದ್ದ. ಓದುವ ತನಕ ನಂಬಿಕೆ, ಮಡಚಿದರೆ ಇಲ್ಲ. ಮಡಚಿದ ಜಾಗದಲ್ಲಿ ಕಾಗದ ಹರಿಯತೊಡಗಿತ್ತು.

ಆದಿತ್ಯವಾರ ನಾರಾವಿಗೆ ಹೋದ. ಮಾಯಿಲಪ್ಪ ಹಾಲು ಕೊಡಲು ಡೈರಿಗೆ ಹೋಗಿದ್ದರು. ಹರಿಣಾಕ್ಷಿ ಜಗಲಿಯಲ್ಲಿ ಅಂಗನವಾಡಿಯ ಮಕ್ಕಳ ತೂಕದ ಪಟ್ಟಿ ಬರೆಯುತ್ತಿದ್ದಳು. ಒಂದು ಲೋಟ ನೀರು ತಂದಿಟ್ಟು, "ಹೇಳಿ, ಈ ಸಲ ಯಾರ ಮೊಣಕಾಲು?" ಎಂದಳು.

ಧನರಾಜ ನೀರು ಕುಡಿಯಲಿಲ್ಲ. ಯಾವಾಗಲೂ ಕಿಸೆಯಲ್ಲೇ ಇರುತ್ತಿದ್ದ ಮೂರು ಕಾಗದಗಳನ್ನು ತೆಗೆದು ಅವಳ ಪುಸ್ತಕದ ಮೇಲಿಟ್ಟ. ಆಮೇಲೆ ಹುಬ್ಬಳ್ಳಿಯ ವಿಷಯ ಹೇಳಿದ. ತಗ್ಗಿಸಿದ ತಲೆ ಎತ್ತದೆ, ಹೊಗೆಯ ಅಂಕಿ ಓದುವವನ ಹಾಗೆ, ಏರಿಳಿತವಿಲ್ಲದೆ ಹೇಳಿದ. ಹರಿಣಾಕ್ಷಿ ಮೂರು ಕಾಗದವನ್ನೂ ಓದಿದಳು.

"ಈ ಮುಂಡಪ್ಪ, ರುಕ್ಮಯ್ಯ ಯಾರು?"

"ನಾನೇ."

ಅವಳು ಆ ಎರಡನ್ನು ಪಕ್ಕಕ್ಕಿಟ್ಟು ಮೂರನೆಯದರ ತಾರೀಕು ನೋಡಿ, ಮಕ್ಕಳ ಚುಚ್ಚುಮದ್ದಿನ ದಿನ ಲೆಕ್ಕ ಹಾಕುವ ಹಾಗೆ ಬೆರಳು ಮಡಚಿ ಎಣಿಸಿದಳು. "ಮೇ, ಜೂನ್, ಜುಲೈ, ಆಗಸ್ಟ್. ಸರಿ ಉಂಟು. ಇದು ಸರಿಯಾದ ರಿಪೋರ್ಟು." ಕಾಗದವನ್ನು ಮಡಚದೆ ತನ್ನ ಪುಸ್ತಕದೊಳಗೆ ಅಗಲವಾಗಿ ಇಟ್ಟುಕೊಂಡಳು. "ಇದು ನನ್ನ ಹತ್ತಿರವೇ ಇರಲಿ. ನಿಮ್ಮ ಕೈಯಲ್ಲಿದ್ದರೆ ಹರಿದುಹೋಗ್ತದೆ."

"ಮತ್ತೆ..." ಎಂದ ಧನರಾಜ.

"ನನಗೆ ಸಿಟ್ಟು ಉಂಟು. ಹುಬ್ಬಳ್ಳಿದ್ದಲ್ಲ, ಅದು ನನ್ನನ್ನು ನೋಡುವ ಮೊದಲಿನದ್ದು. ಮೂರು ತಿಂಗಳು ಸುಳ್ಳು ಹೇಳಿದ್ದಕ್ಕೆ. ಅದು ಇಳಿಯಲಿಕ್ಕೆ ಸ್ವಲ್ಪ ದಿನ ಬೇಕು. ಅಣ್ಣನಿಗೆ ಮದುವೆ ನವೆಂಬರಿನಲ್ಲಿ ಅಂತ ಹೇಳ್ತೇನೆ." ಅವಳು ನೀರಿನ ಲೋಟವನ್ನು ಅವನ ಕಡೆಗೆ ದೂಡಿದಳು. ಅವನು ಕುಡಿದ. ಖಾಲಿ ಲೋಟ ಕೆಳಗಿಡುವ ತನಕ ಕಾದು, ಮೊದಲ ಸಲ ಮೆತ್ತಗಿನ ದನಿಯಲ್ಲಿ ಕೇಳಿದಳು. "ಒಂದು ಹೇಳಿ. ಏನೂ ಇಲ್ಲ ಅಂತ ಬಂದ ಮೇಲೆ ನೀವು ಬಾಯಿ ಬಿಡದಿದ್ದರೆ ನನಗೆ ಯಾವತ್ತೂ ಗೊತ್ತಾಗ್ತಿರಲಿಲ್ಲ. ಆದರೂ ಬಂದು ಹೇಳಿದಿರಲ್ಲ, ಯಾಕೆ?"

ಧನರಾಜ ಯೋಚಿಸಿದ.

"ಇನ್ನೊಂದು ನೆಪ ಹೇಳುವ ಅಂತಲೇ ಹೊರಟದ್ದು," ಎಂದ. "ಬಸ್ಸಲ್ಲಿ ಎರಡು ಗಂಟೆ ಕೂತು ಯೋಚಿಸಿದೆ. ಒಂದೂ ಹೊಳೆಯಲಿಲ್ಲ."