ಗೌಸ್ ಕಾಕಾ ಮತ್ತು ಅಕ್ಕಿಕಾಳಿನ ಕ್ಯಾಸೆಟ್

ದೇಶಪಾಂಡೆ ನಗರದಲ್ಲಿ ನನ್ನ ಝೆರಾಕ್ಸ್ ಅಂಗಡಿಯ ಗೋಡೆಗೆ ಹತ್ತಿಕೊಂಡೇ ಗೌಸಮೊದ್ದೀನರ ಅಂಗಡಿ. ಊರಿಗೆಲ್ಲ ಅವರು ಗೌಸ್ ಕಾಕಾ. ಒಂದು ಕಾಲಕ್ಕೆ ಹೆಗಲ ಮೇಲೆ ಕ್ಯಾಮೆರಾ ಹೊತ್ತು ಮದುವೆ ಮದುವೆ ಸುತ್ತಿದವರು. ಈಗ ಜನರ ಹಳೆಯ ವಿಡಿಯೊ ಕ್ಯಾಸೆಟ್‌ಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುತ್ತಾರೆ. ಇಂಥ ಹಟಮಾರಿ ಇನ್ನೊಬ್ಬರನ್ನು ನಾನು ಕಂಡಿಲ್ಲ.

ಕ್ಯಾಸೆಟ್‌ನ ಚಿತ್ರವನ್ನು ಒಳಗೆ ತೆಗೆದುಕೊಳ್ಳುವ ಅವರ ಕಾರ್ಡು ಓಬೀರಾಯನ ಕಾಲದ್ದು. ಮಾಡಿದ ಕಂಪನಿಯೇ ಅದನ್ನು ಮರೆತಿದೆ, ಹೊಸ ವಿಂಡೋಸ್ ಗುರುತೂ ಹಿಡಿಯುವುದಿಲ್ಲ. ವಿಂಡೋಸ್ ಬದಲು ಪುಕ್ಕಟೆ ಹಾಕಿಕೊಳ್ಳಬಹುದಾದ ಲಿನಕ್ಸ್‌ನಲ್ಲಿ ಮಾತ್ರ ಅದರ ಡ್ರೈವರ್ ಇನ್ನೂ ಜೀವಂತ. ಡ್ರೈವರ್ ಅಂದರೆ ಅಮರಗೋಳ ಮಾರ್ಕೆಟ್ಟಿನ ದಲ್ಲಾಳಿ ಇದ್ದ ಹಾಗೆ. ಅವನಿಲ್ಲದಿದ್ದರೆ ಕಾರ್ಡಿಗೂ ಕಂಪ್ಯೂಟರಿಗೂ ಮಾತೇ ಇಲ್ಲ. “ಯಾರೋ ಪುಣ್ಯಾತ್ಮರು ಪುಕ್ಕಟ ಕುಂತು ಬರದಾರ, ಅವರ ಹೆಸರೂ ನನಗ ಗೊತ್ತಿಲ್ಲ” ಎಂದು ಕಾಕಾ ಆಗಾಗ ನೆನೆಯುತ್ತಾರೆ.

ಇನ್ನೊಂದು ಹಟ, ಚಿತ್ರವನ್ನು ಹಿಂಡಿ ಸಣ್ಣದು ಮಾಡದೆ ಬಂದದ್ದು ಬಂದ ಹಾಗೇ ಇಳಿಸಬೇಕು. ಒಂದು ಮದುವೆಗೆ ಅರ್ಧ ಡಿಸ್ಕು ಗುಳುಂ!

“ಎಲ್ಲಾರೂ ಹಿಂಡತಾರ, ನಿಮಗೇನ್ರಿ ಧಾಡಿ?” ಎಂದು ನಾನು ಕೆಣಕಿದರೆ ಅವರದು ಒಂದೇ ಉತ್ತರ: “ಮೊದಲ ಎಲ್ಲಾ ಒಳಗ ಬರಲೋ ಪ್ರಭು. ಬ್ಯಾಡಾದ್ದು ಆಮ್ಯಾಲೆ ತಗದರಾತು.”

ಕಳೆದ ದೀಪಾವಳಿಯ ಹೊತ್ತಿಗೆ ಬೈರಿದೇವರಕೊಪ್ಪದಿಂದ ಶೇವಂತೆವ್ವ ಎಂಬ, ಸಾಲಿಯಲ್ಲಿ ಪಾಠ ಹೇಳುವ ಅಕ್ಕೋರು ತಮ್ಮ ಮದುವೆಯ ಕ್ಯಾಸೆಟ್ ತಂದರು. ಟೇಪಿಗೆ ಬೂಷ್ಟು ಹಿಡಿದಿತ್ತು.

“ನಮ್ಮವ್ವ ಮುದಕವ್ವಂದು ಒಂದೂ ಫೋಟೋ ಇಲ್ಲರಿ,” ಅಂದರು. “ಇದರಾಗೂ ಕಾಣಂಗಿಲ್ಲ, ಟೀವ್ಯಾಗ ಎಷ್ಟೋ ಸಲ ನೋಡೇನಿ. ಗಂಡ ಸತ್ತಾಕಿ ಮುಂದ ಬರಬಾರದಂತ ಅಡಗಿಮನ್ಯಾಗ ಕುಂತಳು. ನಾ ಅತ್ತು ಕರದೆ, ಬರಲಿಲ್ಲ. ಹೊಟ್ಟಿಲೆ ಹುಟ್ಟಿದ ಮಗಳಿಗೆ ನಾಕು ಅಕ್ಕಿಕಾಳು ಹಾಕಲಿಲ್ಲರಿ. ಆಕಿ ಸತ್ತರೂ ನನ್ನ ಸಿಟ್ಟು ಹೋಗಿಲ್ಲ. ಆದರೂ ಗದ್ದಲದಾಗ ಆಕಿ ದನಿಯರ ಸಿಕ್ಕೀತೇನಂತ ಆಸೆ.”

“ಟೇಪು ಒಂದ ಸಲ ಓಡಿದರ ಪುಣ್ಯಾರಿ ಅಕ್ಕೋರ” ಎಂದರು ಕಾಕಾ.

ಗ್ರಹಚಾರಕ್ಕೆ ಅವತ್ತೇ ಬೆಳಿಗ್ಗೆ ಅವರು ಕಂಪ್ಯೂಟರಿಗೆ ಅಪ್‌ಡೇಟ್ ಹಾಕಿದ್ದರು. ಲಿನಕ್ಸ್‌ನ ತಿರುಳಾದ ಕರ್ನಲ್ ಹೊಸದಾಗಿತ್ತು, ಹಳೆಯ ಡ್ರೈವರ್ ಅದರೊಂದಿಗೆ ಹೊಂದದೆ ಕೈಕೊಟ್ಟಿತ್ತು. ಕಾರ್ಡು ಇದ್ದೂ ಇಲ್ಲ. ಕಾಕಾ ಬೆವತು ನೀರಾದರು. ಕಡೆಗೆ ಮಶೀನು ಚಾಲೂ ಮಾಡುವಾಗ ಹಳೆಯ ಕರ್ನಲ್ಲನ್ನೇ ಆರಿಸಿದರು, ಕಾರ್ಡು ಕಂಡಿತು. ಟೇಪನ್ನು ಒರೆಸಿ ಹಾಕಿದರು. ಊಟದ ಪಂಕ್ತಿಯವರೆಗೆ ಓಡಿ, ಅಲ್ಲಿ ಸುತ್ತಿಕೊಂಡು ಪರ್ ಎಂದು ಹರಿದೇ ಹೋಯಿತು.

ಮರುದಿನ ಅಕ್ಕೋರು ಬಂದು ಕೂತು ಇಳಿದಷ್ಟನ್ನೂ ಪೂರ್ತಿ ನೋಡಿದರು. ತಾಯಿ ಎಲ್ಲೂ ಇಲ್ಲ. ಇದ್ದ ದನಿಯನ್ನೆಲ್ಲ ಬ್ಯಾಂಡಿನವರು ನುಂಗಿದ್ದರು. “ಹೋಗಲಿ ಬಿಡ್ರಿ” ಎಂದು ಎದ್ದರು. ನನಗೆ ಆ ಮುದುಕಿಯನ್ನು ಒಲೆಯ ಮುಂದೆ ಕೂರಿಸಿದ ಪದ್ಧತಿಯ ಮೇಲೆ ಮೈ ಉರಿಯಿತು. ಮಗಳ ಮದುವೆಗೆ ತಾಯಿಯೇ ಅಪಶಕುನವೇ?

ಆಗ ಕಾಕಾ ಹಣೆ ಹಣೆ ಬಡಿದುಕೊಂಡರು. “ತಡೀರಿ ಅಕ್ಕೋರ! ನಾನ ಅಂಚು ಕತ್ತರಿಸೇನಲ್ಲ!”

ಆದದ್ದು ಇಷ್ಟು. ಹಳೆಯ ಟೀವಿಗಳು ಚಿತ್ರದ ಅಂಚನ್ನು ತೋರಿಸದೆ ಮುಚ್ಚಿಬಿಡುತ್ತಿದ್ದವು. ಕಂಪ್ಯೂಟರಿನಲ್ಲಿ ಆ ಅಂಚು ಹರಕು ಹರಕಾಗಿ ಕಾಣುತ್ತದೆಂದು ಗಿರಾಕಿಗಳು ಗೊಣಗುವುದರಿಂದ, ಕಾಕಾ ಕೈರೂಢಿಯಲ್ಲಿ ಅದನ್ನು ಕತ್ತರಿಸಿ ತೋರಿಸಿದ್ದರು. ಹಿಂಡದೆ ಇಳಿಸಿದ ಇಡಿಯ ಚಿತ್ರ ಡಿಸ್ಕಿನಲ್ಲಿ ಹಾಗೇ ಇತ್ತು. ಅದನ್ನು ತೆರೆದರು.

ಮದುಮಕ್ಕಳ ಮೇಲೆ ಎಲ್ಲರೂ ಅಕ್ಕಿಕಾಳು ಎಸೆಯುವ ಹೊತ್ತು. ಎಡತುದಿಯಲ್ಲಿ ಬಾಗಿಲ ಚೌಕಟ್ಟು. ಅದನ್ನು ಹಿಡಿದು, ಅರ್ಧ ಮರೆಯಾಗಿ, ಮಾಸಿದ ಸೀರೆಯ ಒಬ್ಬಳು ಹೆಂಗಸು.

“ಯವ್ವಾ” ಎಂದರು ಶೇವಂತೆವ್ವ.

ಕಾಕಾ ಚಿತ್ರವನ್ನು ತಡೆತಡೆದು ಮುಂದೆ ಬಿಟ್ಟರು. ಆ ಹೆಂಗಸು ಸೆರಗಿನ ಗಂಟು ಬಿಚ್ಚಿ, ಒಮ್ಮೆ ಅತ್ತಿತ್ತ ನೋಡಿ, ಕೈ ಎತ್ತಿ ಬೀಸಿದಳು. ಮಂಟಪದವರೆಗೆ ಆ ಕಾಳು ಮುಟ್ಟುವಂತಿರಲಿಲ್ಲ. ಮುಂದೆ ನಿಂತವರ ಬೆನ್ನಿಗೆ ಬಿದ್ದಿರಬೇಕು. ಆಮೇಲೆ ಅವಳು ಒಳಗೆ ಸರಿದಳು. ಕಾಕಾ ಕನ್ನಡಕ ತೆಗೆದು ಒರೆಸಿಕೊಳ್ಳುತ್ತಿದ್ದರು.

ಶೇವಂತೆವ್ವ ಪರದೆಯ ಆ ತುದಿಯ ಮೇಲೆ ಕೈಯಿಟ್ಟರು.

“ಹಾಕ್ಯಾಳರಿ,” ಅಂದರು. “ನಮ್ಮವ್ವ ಹಾಕ್ಯಾಳ. ನಾನ ಆ ಕಡೆ ತಿರುಗಿ ನೋಡಲಿಲ್ಲ.”