ಅವ್ವ ಜರಡಿ ಹಿಡಿದ ಕೆಸರು

ನಮ್ಮೂರು ಕೊಟ್ಟೂರಿಗೆ ಹೋದಾಗಲೆಲ್ಲ ಮಂದಿ ಕೇಳುತ್ತಾರೆ, "ಸಮುದ್ರದಾಗ ಏನ್ ಕೆಲಸ ಮಾಡ್ತೀಯವ್ವಾ? ಮೀನ್ ಹಿಡೀತೀಯೇನು?" ಮೀನಲ್ರೀ, ಕೆಸರು! ಕಡಲ ತಳದ ಮಣ್ಣು ಎತ್ತಿ, ಅದರಲ್ಲಿ ಬದುಕುವ ಹುಳ, ಚಿಪ್ಪು, ಏಡಿಗಳನ್ನು ನೋಡಿ, ಇದು ಯಾವ ಬಗೆಯ ನೆಲೆ ಎಂದು ವಿಂಗಡಿಸುವುದು ನನ್ನ ಕೆಲಸ. ಮರಳಿನ ತಳದಲ್ಲಿ ಒಂದು ಸಂಸಾರ, ಕೆಸರಿನ ತಳದಲ್ಲಿ ಇನ್ನೊಂದು. ಈ ಕಸುಬು ಕಲಿತದ್ದು ಮಾತ್ರ ಕಡಲಲ್ಲಲ್ಲ, ಹಗರಿಬೊಮ್ಮನಹಳ್ಳಿ ಕಡೆಯ ತುಂಗಭದ್ರೆಯ ಹಿನ್ನೀರಿನಲ್ಲಿ. ಅವ್ವ ಇದ್ದ ದಿನಗಳವು.

ಎಂ.ಎಸ್ಸಿ.ಯ ಕೊನೆಯ ಬೇಸಿಗೆ. ಹಿನ್ನೀರು ಇಳಿದಿತ್ತು. ಮೊಳಕಾಲುದ್ದ ನೀರಿಗಿಳಿದು, ತಳದ ಕೆಸರನ್ನು ಬಕೆಟ್ಟಿಗೆ ತುಂಬಿ, ಬಸ್ಸಿನಲ್ಲಿ ಕಂಡಕ್ಟರನಿಂದ ಬೈಸಿಕೊಂಡು ಮನೆಗೆ ತಂದಿಟ್ಟು ಮಲಗಿಬಿಟ್ಟೆ. ಎದ್ದು ನೋಡಿದರೆ ಹಿತ್ತಲಲ್ಲಿ ಅವ್ವ ಬೆವರು ಒರೆಸಿಕೊಳ್ಳುತ್ತ ನಿಂತಿದ್ದಾಳೆ, ಮುಖದ ತುಂಬ ನಗು.

"ನೋಡ್ ಬಾ ಇಲ್ಲಿ. ನೀರು ಹಾಕಿ ಹಾಕಿ ಜರಡಿ ಹಿಡಿದೀನಿ. ಮಣ್ಣು ಹೆಂಗ ಹಿಟ್ಟಿನಂಗ ಆಗೈತಿ!"

"ಮ್ಯಾಲೆ ಉಳಿದಿದ್ದು ಎಲ್ಲೈತಿ?"

"ಆ ಹುಳ, ಚಿಪ್ಪು? ಬಾಜೂ ಮನಿ ಕೋಳಿಗೆ ಚೆಲ್ಲಿದೆ."

ಅವ್ವ ದಿನಾ ಜೋಳದ ಹಿಟ್ಟು ಜರಡಿ ಹಿಡಿಯುವವಳು. ಜರಡಿಯ ಮೇಲೆ ಉಳಿದರೆ ಹೊಟ್ಟು, ಕೆಳಗೆ ಬಿದ್ದರೆ ಹಿಟ್ಟು, ಅವಳಿಗೆ ಗೊತ್ತಿದ್ದದ್ದು ಅಷ್ಟೇ. ನಮ್ಮ ಕೆಲಸದಲ್ಲಿ ಅದು ತಿರುಗುಮುರುಗು.

"ಅಯ್ಯೋ ಅವ್ವಾ, ನನಗ ಬೇಕಾಗಿದ್ದೇ ಆ ಹುಳ!" ಎಂದು ಕಿರುಚಿದೆ. ಮೇಲೆ ಮಲೆನಾಡಲ್ಲಿ ಮಳೆ ಹಿಡಿದಿತ್ತು. ಹೊಳೆ ಬಂದರೆ ಆ ಜಾಗ ಮುಳುಗುತ್ತದೆ, ಅದು ಮುಳುಗಿದರೆ ನನ್ನ ಒಂದು ವರ್ಷವೇ ಮುಳುಗಿದ ಹಾಗೆ. ಅಳುತ್ತ ಕೂತೆ.

ಅವ್ವನಿಗೆ ದುಃಖವಾದರೆ ಮೊದಲು ಸಿಟ್ಟು ಬರುತ್ತಿತ್ತು. "ಅತ್ರ ಹುಳ ಬರ್ತಾವೇನ ಲೇ? ನಸುಕಿನ ಬಸ್ಸಿಗೆ ಹೋಗೂನು, ನಾನೂ ಬರ್ತೀನಿ."

ಮರುದಿನ ನೀರು ಆಗಲೇ ಏರತೊಡಗಿತ್ತು. ಅವ್ವ ಸೀರೆ ಎತ್ತಿ ಕಟ್ಟಿ ನನ್ನ ಜೊತೆ ನೀರಿಗಿಳಿದಳು, ಅಲ್ಲೇ ನಿಂತು ಜರಡಿ ಹಿಡಿದಳು. ಈ ಸಲ ಮೇಲೆ ಉಳಿದ ಒಂದು ಹುಳವನ್ನೂ ಬಿಡದೆ ಡಬ್ಬಿಗೆ ಹಾಕಿದಳು. ಎಲ್ಲವೂ ಜೀವಂತ, ಮಿಸುಕಾಡುತ್ತಿದ್ದವು. ಅವು ಕೆಡದಂತೆ ಇಡಲು ನಾನು ಫಾರ್ಮಾಲಿನ್ ಬಾಟಲಿಯ ಮುಚ್ಚಳ ತೆಗೆದೆ.

"ಅದನ್ನ ಹಾಕಿದ್ರ ಸಾಯ್ತಾವೇನು?"

"ಹೂಂ ಅವ್ವಾ."

ಇರುವೆ ಸಾಲು ಕಂಡರೂ ಸುತ್ತು ಹಾಕಿ ನಡೆಯುವವಳು ನನ್ನವ್ವ. "ನೀ ಆ ಕಡಿ ಹೋಗು, ನಾ ಮಾಡ್ತೀನಿ" ಎಂದೆ. ಹೋಗಲಿಲ್ಲ. ಕೊರಳಿನ ಲಿಂಗವನ್ನು ಸೆರಗಿನಿಂದ ಮುಚ್ಚಿಕೊಂಡಳು. ಬಾಟಲಿಯನ್ನು ನನ್ನ ಕೈಯಿಂದ ಕಿತ್ತುಕೊಂಡಳು.

"ಪಾಪ ಬಂದ್ರ ನನಗಿರ್ಲಿ. ನೀ ಇನ್ನೂ ಬಾಳಿ ಬದುಕಬೇಕಾದಾಕಿ" ಎಂದು ತಾನೇ ಸುರಿದಳು.