ಡಾಂಬರು ರಸ್ತೆಯ ಕಣ

ಒಣಗಿದ ಹುರುಳಿ ಬಳ್ಳಿಯ ಮೇಲೆ ಲಾರಿಯ ಗಾಲಿ ಹಾಯ್ದರೆ ಒಂದು ವಾಸನೆ ಏಳುತ್ತದೆ. ಅರ್ಧ ಧೂಳು, ಅರ್ಧ ಹಸಿ ಹಿಟ್ಟು. ಸುಗ್ಗಿಯ ದಿನಗಳಲ್ಲಿ ಮುಂಡರಗಿ ರಸ್ತೆಯ ಬಸ್ಸಿನಲ್ಲಿ ನೀವು ಕಿಟಕಿ ಪಕ್ಕ ಕೂತಿದ್ದರೆ ನಿಮ್ಮ ಮೂಗಿಗೂ ಅದು ಹತ್ತಿರುತ್ತದೆ. ಇವತ್ತು ನಮ್ಮ ಕಟ್ಟೆಯವರೆಗೂ ಬಂದಿದೆ. ನನ್ನ ಮಗ ಮಂಜು ಈ ವಾರವೆಲ್ಲ ರಸ್ತೆಗೆ ಹುರುಳಿ ಹಾಕುತ್ತಿದ್ದಾನೆ.

ನಮ್ಮ ಕಡೆ ಈಗ ಕಣ ಮಾಡುವವರು ಕಡಿಮೆ. ನೆಲ ಕೆತ್ತಿ, ಸಗಣಿ ಸಾರಿಸಿ, ಎತ್ತು ಹೂಡುವ ತಾಪತ್ರಯ ಯಾರಿಗೆ ಬೇಕು? ಬೆಳೆಯನ್ನು ಡಾಂಬರಿನ ಮೇಲೆ ಹರವಿ ಬೇವಿನ ನೆರಳಲ್ಲಿ ಕೂತರೆ, ಹೋಗಿಬರುವ ಗಾಡಿಗಳೇ ಪುಕ್ಕಟೆ ಒಕ್ಕಿಕೊಡುತ್ತವೆ. ಕೂಡಿಸಿಟ್ಟ ಕಾಳಿನ ರಾಶಿಯ ಮೇಲೆ ಅವು ಹತ್ತದಂತೆ ಸುತ್ತ ದಪ್ಪ ಕಲ್ಲು ಇಡುತ್ತೇವೆ. ನಮ್ಮೂರಲ್ಲಿ ಈ ಜಾಣತನ ಶುರು ಮಾಡಿದವನು ನಾನೇ ಎಂದು ಬಹಳ ವರ್ಷ ಹೇಳಿಕೊಂಡು ತಿರುಗಿದ್ದೇನೆ.

ಆಗ ಮಂಜು ಇನ್ನೂ ಶಾಲೆಗೆ ಹೋಗುತ್ತಿದ್ದ. ಒಂದು ಸಂಜೆ ಕಾಳು ತುಂಬಿಕೊಂಡು ಮನೆಗೆ ಬಂದೆ, ಕಲ್ಲುಗಳನ್ನು ಅಲ್ಲೇ ಬಿಟ್ಟೆ. ನಾಳೆ ಮತ್ತೆ ಬೇಕಲ್ಲ. ಚಹಾ ಕುಡಿಯುವಾಗ ಸದ್ದು ಕೇಳಿ ಓಡಿದೆ. ಬೈಕು ಮಗುಚಿಬಿದ್ದಿತ್ತು, ಗಾಲಿ ಇನ್ನೂ ತಿರುಗುತ್ತಿತ್ತು. ಒಬ್ಬ ಮನುಷ್ಯ ಬಲಗಾಲು ಹಿಡಿದುಕೊಂಡು ನರಳುತ್ತಿದ್ದ. ನಾನು ಮೊದಲು ಕಲ್ಲುಗಳನ್ನು ತಗ್ಗಿಗೆ ಉರುಳಿಸಿದೆ. ಆಮೇಲೆ ಮನುಷ್ಯನನ್ನು ಎತ್ತಿದೆ.

ಅವನು ಬೆಟಗೇರಿಯ ನೇಕಾರ ಪರಸಪ್ಪ. ಮುಂಡರಗಿಯ ಅಂಗಡಿಗೆ ಸೀರೆ ಕೊಟ್ಟು ಮರಳುತ್ತಿದ್ದ. ಒಂದು ಜೀಪು ತಡೆದು ಗದಗಿನ ಆಸ್ಪತ್ರೆಗೆ ಒಯ್ದೆ. ಅವನ ಹೆಂಡತಿ ನೀಲವ್ವ ಓಡಿ ಬಂದು, "ಏನಾತ್ರಿ ಯಣ್ಣಾ?" ಎಂದಳು.

"ನಾಯಿ ಅಡ್ಡ ಬಂದಿರಬೇಕವ್ವಾ," ಎಂದುಬಿಟ್ಟೆ.

"ದೇವರು ಬಂದಂಗ ಬಂದ್ರಿ," ಎಂದು ಆಕೆ ನನ್ನ ಕಾಲು ಮುಟ್ಟಿದಳು. ನಾನು ಕಾಲು ಹಿಂದೆ ತೆಗೆದುಕೊಳ್ಳಲಿಲ್ಲ.

ಆ ವಾರ್ಡಿನ ತುಂಬ ರಸ್ತೆಯಲ್ಲಿ ಬಿದ್ದವರೇ. ಶಿರಹಟ್ಟಿಯವನೊಬ್ಬ ದೀಪವಿಲ್ಲದೆ ನಿಂತ ಟ್ರ್ಯಾಕ್ಟರಿಗೆ ಹಿಂದಿನಿಂದ ಗುದ್ದಿದ್ದ; ಲಕ್ಷ್ಮೇಶ್ವರದ ಮುದುಕಿಯೊಬ್ಬಳು ಜನ ತುಂಬಿದ ಟಂಟಂ ಆಟೊದಿಂದ ಜಾರಿ ಬಿದ್ದಿದ್ದಳು. ಎಲ್ಲರೂ ಹಣೆಬರಹ ಅನ್ನುತ್ತಿದ್ದರು. ದೇಶದೇಶಗಳಲ್ಲೂ ಜನ ಹೀಗೇ ರಸ್ತೆಯಲ್ಲಿ ಕೈಕಾಲು, ಜೀವ ಕಳೆದುಕೊಳ್ಳುತ್ತಾರೆಂದು ಈಗ ಪೇಪರಿನಲ್ಲಿ ಓದುತ್ತೇನೆ. ಅಲ್ಲಿಯೂ ಹಣೆಬರಹ ಅನ್ನುತ್ತಾರೋ ಏನೋ. ಆ ಟ್ರ್ಯಾಕ್ಟರ್ ನಿಲ್ಲಿಸಿದವನು, ಟಂಟಂ ತುಂಬಿದವನು ಯಾರೂ ವಾರ್ಡಿಗೆ ಬಂದಿರಲಿಲ್ಲ. ಬಂದವನು ನಾನೊಬ್ಬನೇ, ಅದೂ ಬಾಳೆಹಣ್ಣು ಹಿಡಿದುಕೊಂಡು.

ಪರಸಪ್ಪನ ಕಾಲು ಸೊಟ್ಟಗೆ ಕೂಡಿತು. ಮಗ್ಗದ ಹಲಗೆ ತುಳಿಯಲು ಬಾರದೆ ರಾಟೆಯ ಮುಂದೆ ಕೂತು ಕಂಡಿಕೆಗೆ ನೂಲು ಸುತ್ತತೊಡಗಿದ. ಮಗ ಗಣೇಶ ಓದು ಬಿಟ್ಟು ಮಗ್ಗಕ್ಕಿಳಿದ. ಪ್ರತಿ ವರ್ಷ ನನ್ನ ಹೆಂಡತಿಗೆ ಅವರ ಮನೆಯಿಂದ ಒಂದು ಸೀರೆ ಬರುತ್ತದೆ. ನಾನು ಹುಟ್ಟಿಸಿದ ನಾಯಿಗೆ ಆ ಮನೆಯಲ್ಲಿ ಬಣ್ಣವೂ ಬಂದಿತ್ತು.

"ಕೆಂದ ನಾಯಿರಿ ಅಣ್ಣಾರ, ಒಂದು ಕಿವಿ ಹರಿದಿತ್ತು," ಎನ್ನುತ್ತಿದ್ದ ಪರಸಪ್ಪ.

"ಕಾಲು ಹೋದ್ರೂ ನಾಯಿ ಬಿಡವಲ್ರು," ಎಂದು ನೀಲವ್ವ ನಗುತ್ತಿದ್ದಳು. ನಾನೂ ನಗುತ್ತಿದ್ದೆ.

ಮೊನ್ನೆ ಇಳಿಹೊತ್ತಿಗೆ ಗಣೇಶನ ಫೋನು ಬಂತು. "ಕಾಕಾ, ಸೀರಿ ತೊಗೊಂಡು ಹೊಂಟೀನಿ." ರಸ್ತೆ ನೋಡಿದೆ. ಕಾಳು ಮನೆಗೆ ಬಂದಿತ್ತು, ಕಲ್ಲುಗಳು ಅಲ್ಲೇ ಇದ್ದವು.

"ಮಂಜು, ಕಲ್ಲು ತೆಗಿಯಲೇ."

"ನಾಳಿ ಮತ್ತ ಹಾಕೋದೈತಲ್ಲಪ್ಪಾ. ನೀನ ಕಲಿಸಿದ್ದಲ್ಲೇನು ಇದು?"

ನಾನೇ ರಸ್ತೆಗೆ ಓಡಿದೆ. ಈ ವಯಸ್ಸಿನ ಓಟ ಎಂಥದೆಂದು ನೀವೇ ಊಹಿಸಿಕೊಳ್ಳಿ. ಬೆಳಕು ಕಂದುತ್ತಿತ್ತು. ಒಂದೊಂದೇ ಕಲ್ಲು ಉರುಳಿಸಿದೆ. ಕೊನೆಯದು ಅಲುಗಲಿಲ್ಲ. ಗದಗಿನ ಕಡೆಯಿಂದ ಒಂದು ದೀಪ ಬಂತು. ಕಲ್ಲಿನ ಮುಂದೆ ನಿಂತು ಹೆಗಲ ಮೇಲಿನ ಟವೆಲ್ ಬೀಸಿದೆ. ಉಳಿದ ಹೊಟ್ಟಿನ ಮೇಲೆ ಬೈಕು ಜಾರಿತು, ಓಲಾಡಿತು, ನನ್ನಿಂದ ಒಂದು ಮಾರು ದೂರದಲ್ಲಿ ನಿಂತಿತು.

"ಸಾಯಾಕ ನಿಂತೀರೇನ್ರಿ ಕಾಕಾ?" ಗಣೇಶ ಚೀರಿದ.

"ನಿಮ್ಮಪ್ಪಗ ಅಡ್ಡ ಬಂದ ನಾಯಿ ಇದ ನೋಡಪ್ಪಾ," ಎಂದು ಕಲ್ಲು ತೋರಿಸಿದೆ. "ಆವತ್ತ ನಾನ ಇಟ್ಟಿದ್ದೆ."

ಅವನು ಬೈಕಿನ ದೀಪ ಆ ಕಲ್ಲಿನತ್ತ ತಿರುಗಿಸಿದ. ಇಳಿದು ಬಂದು ಅದನ್ನು ತಗ್ಗಿಗೆ ತಳ್ಳಿದ. "ಹತ್ರಿ," ಎಂದ. "ಅಪ್ಪನ ಮುಂದ ನೀವ ಹೇಳ್ರಿ. ನಾ ಹೇಳೂದಿಲ್ಲ." ಬೆಟಗೇರಿ ಮುಟ್ಟುವವರೆಗೂ ಸೀರೆಯ ಚೀಲ ಹ್ಯಾಂಡಲ್‌ಗೆ ತೂಗುತ್ತಲೇ ಇತ್ತು.

ಹೇಳಿದೆ. ಅವನನ್ನು ಎತ್ತುವ ಮೊದಲು ಕಲ್ಲು ಉರುಳಿಸಿದ್ದನ್ನೂ ಹೇಳಿದೆ. ನೀಲವ್ವ ತಂದ ಚಹಾದ ಕಪ್ಪು ಹಿಡಿದು ಬಾಗಿಲಲ್ಲೇ ನಿಂತಳು. ಪರಸಪ್ಪನ ರಾಟೆ ನಿಂತಿತು.

"ಹಂಗಾರ ಆ ನಾಯಿ?" ಎಂದ.

"ಇರಲಿಲ್ಲ ಪರಸಪ್ಪಾ."

ಅವನು ಮತ್ತೆ ರಾಟೆ ತಿರುಗಿಸತೊಡಗಿದ. ಬೈದಿದ್ದರೆ ಹಗುರಾಗುತ್ತಿದ್ದೆನೇನೋ. ನೀಲವ್ವ ಚಹಾ ಒಳಗೆ ಒಯ್ದಳು. ಕೊನೆಯ ಬಸ್ಸಿಗೆ ಮರಳಿದೆ.

ಈಗ ಇನ್ನೊಂದು ಲಾರಿ ಹಾಯ್ದಿತು, ವಾಸನೆ ಮತ್ತೆ ಬಂತು. ನಾಳೆಯಿಂದ ಹೊಲದಲ್ಲೇ ಕಣ ಮಾಡುತ್ತೇನೆಂದು ಎಲ್ಲ ಕೇಳಿದ ಮೇಲೆ ಮಂಜು ಹೇಳಿದ್ದಾನೆ. ಆದರೆ ಪಕ್ಕದವರ ಹುರುಳಿಯೂ ಕಲ್ಲುಗಳೂ ರಸ್ತೆಯಲ್ಲಿವೆ, ಹೊತ್ತು ಮುಳುಗುತ್ತಿದೆ. ನಾನು ಏಳಬೇಕು.